ಸರ್ಕ್ಯುಲರ್ ಆರ್‌ಎನ್‌ಎ ಕೆಲಸಕ್ಕೆ ತಗೊಂಡ ಆರ್‌ನೇಸ್ ಆರ್: 3 ಸ್ಟಾರ್ ಅಷ್ಟೇ

ಮೊದ್ಲು ಡೆಲಿವರಿ ಕಥೆ ಹೇಳ್ಬಿಡ್ತೀನಿ, ಥರ್ಮಾಕೋಲ್ ಡಬ್ಬ ತೆಗೆದ್ರೆ ಐಸ್ ಪ್ಯಾಕ್ ಪೂರ್ತಿ ಕರಗಿ ನೀರಾಗಿತ್ತು, ಮೈನಸ್ 20ರಲ್ಲಿ ಇಡೋ ಎಂಜೈಮ್ ಸ್ವಾಮಿ ಇದು! ಫೋನ್ ಮಾಡಿದ್ರೆ "ಏನಾಗಲ್ಲ ಮೇಡಂ" ಅಂದ್ರು. ಪುಣ್ಯಕ್ಕೆ ಕೆಲಸ ಮಾಡ್ತು.

ಇದರ ಕೆಲಸ ಏನಂದ್ರೆ ಉದ್ದ ದಾರದ ಥರ ಇರೋ ಆರ್‌ಎನ್‌ಎನ 3' ಅನ್ನೋ ಒಂದು ತುದಿಯಿಂದ ತಿನ್ಕೊಂಡು ಬರೋದು, ಸರ್ಕ್ಯುಲರ್ ಆರ್‌ಎನ್‌ಎ ಬಳೆ ಥರ, ತುದಿನೇ ಇಲ್ಲ, ಹಂಗಾಗಿ ಉಳ್ಕೊಳುತ್ತೆ. ನಮಗ್ಯಾಕೆ ಬೇಕು ಅಂದ್ರೆ, ಈ ಬಳೆಗಳು ಸುಮ್ನಿರೋ ಜೀವಕೋಶದಲ್ಲಿ ಪಿಕೆಆರ್ ಅನ್ನೋ ಕಾವಲುಗಾರ ಪ್ರೋಟೀನ್‌ನ ಹಿಡಿದು ಕೂರಿಸಿರ್ತವೆ, ವೈರಸ್ ಬಂದಾಗ ಆರ್‌ನೇಸ್ ಎಲ್ ಅನ್ನೋ ಜೀವಕೋಶದ್ದೇ ಬೇರೆ ಎಂಜೈಮ್ ಈ ಬಳೆಗಳನ್ನೇ ಕತ್ತರಿಸಿ ಹಾಕುತ್ತೆ, ಪಿಕೆಆರ್ ಬಿಡುಗಡೆ ಆಗಿ ಪ್ರೋಟೀನ್ ತಯಾರಿ ನಿಲ್ಲಿಸಿ ವೈರಸ್‌ಗೆ ಅಡ್ಡಗಾಲು ಹಾಕುತ್ತೆ. ಶಾಂಘೈನ ಸಂಶೋಧಕರು 2019ರಲ್ಲಿ ತೋರಿಸಿದ್ದು ಇದು. ನಾವು ವೈರಸ್ ಬದ್ಲು ಪಾಲಿ ಐಸಿ (ವೈರಸ್ ಆರ್‌ಎನ್‌ಎ ಥರ ಕಾಣೋ ಕೃತಕ ಆರ್‌ಎನ್‌ಎ) ಹಾಕಿ ನೋಡಿದ್ವಿ, ಬಳೆಗಳು ನಿಜವಾಗ್ಲೂ ಕಮ್ಮಿ ಆದ್ವು, ಖುಷಿ ಆಯ್ತು.

ಆದ್ರೆ ಜೊತೆಗೆ ಕೊಟ್ಟಿರೋ ಬಫರ್ (ಎಂಜೈಮ್ ಕೆಲಸ ಮಾಡೋ ದ್ರಾವಣ) ಬೇಡ. ಅದರಲ್ಲಿ ಪೊಟ್ಯಾಸಿಯಂ ಇದೆ, ಆರ್‌ಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಜಿ (ಗ್ವಾನೀನ್) ಜಾಸ್ತಿ ಇರೋ ಕಡೆ ಆರ್‌ಎನ್‌ಎ ಗಂಟು ಬಿದ್ದು ಎಂಜೈಮ್ ಅಲ್ಲೇ ನಿಂತ್ಬಿಡುತ್ತೆ, ತಿನ್ನಬೇಕಾದ್ದೂ ಉಳ್ಕೊಂಡು ಲೆಕ್ಕ ಎಲ್ಲಾ ಹಾಳು. ಲಿಥಿಯಂ ಬಫರ್ ನಾವೇ ಮಾಡ್ಕೊಂಡ್ವಿ, ಕ್ಲೀನ್ ಆಯ್ತು. ಇಷ್ಟು ದುಡ್ಡು ತಗೊಂಡು ಅದನ್ನೂ ಕೊಡೋಕೇನು ಕಷ್ಟ ಇವ್ರಿಗೆ?