ಫಾರ್ವರ್ಡಾ, ಆಪ್ಷನ್ನಾ, ಫ್ಯೂಚರ್ಸಾ? ಡಾಲರ್ ರಿಸ್ಕ್‌ಗೆ ನಾನು ಬಳಸಿ ನೋಡಿದ ದಾರಿಗಳು

ಬೆಂಗಳೂರಿನಲ್ಲಿರುವ ಒಂದು ವಿದೇಶಿ ಕಂಪನಿಯ ಟ್ರೆಷರಿಯಲ್ಲಿ, ಅಂದರೆ ಹಣ ನಿರ್ವಹಿಸುವ ವಿಭಾಗದಲ್ಲಿ, ನನ್ನ ಕೆಲಸ. ನಮಗೆ ದುಡ್ಡು ಬರುವುದು ಡಾಲರ್‌ನಲ್ಲಿ, ಸಂಬಳ-ಬಾಡಿಗೆ ಹೋಗುವುದು ರೂಪಾಯಿಯಲ್ಲಿ. ಇನ್‌ವಾಯ್ಸ್ ಕಳಿಸಿ ಹಣ ಕೈಗೆ ಬರುವಷ್ಟರಲ್ಲಿ ಡಾಲರ್ ಇಳಿದರೆ ಲಾಭವೇ ಕರಗುತ್ತದೆ. ಎಲ್ಲ ದಾರಿ ಬಳಸಿದ ಮೇಲೆ ನನ್ನ ತೀರ್ಮಾನ ಇಷ್ಟು: ಖಚಿತವಾಗಿ ಬರುವ ಡಾಲರ್‌ಗೆ ಫಾರ್ವರ್ಡ್, ಬರುತ್ತೋ ಇಲ್ವೋ ಅನ್ನುವ ಡಾಲರ್‌ಗೆ ಆಪ್ಷನ್. ಫಾರ್ವರ್ಡ್ ಅಂದರೆ ಮುಂದೊಂದು ದಿನ ಡಾಲರ್ ಮಾರುವ ದರವನ್ನು ಇವತ್ತೇ ಬ್ಯಾಂಕಿನ ಜೊತೆ ನಿಗದಿ ಮಾಡುವ ಒಪ್ಪಂದ. ಆಪ್ಷನ್ ಅಂದರೆ ದುಡ್ಡು ಕೊಟ್ಟು ಪಡೆಯುವ ಹಕ್ಕು, ಬಳಸಲೇಬೇಕು ಅಂತಿಲ್ಲ.

ಒಂದು ಉದಾಹರಣೆ ಹಿಡಿಯೋಣ. ಆರು ತಿಂಗಳ ನಂತರ 10 ಲಕ್ಷ ಡಾಲರ್ ಬರಬೇಕು. ಇವತ್ತಿನ ದರ 83 ರೂಪಾಯಿ, ಬ್ಯಾಂಕ್ ಕೊಡುವ ಫಾರ್ವರ್ಡ್ ದರ 83.70 ಅನ್ನಿ. ಆ 70 ಪೈಸೆ ಪ್ರೀಮಿಯಂ ಹುಟ್ಟುವುದು ಇಲ್ಲಿನ ಬಡ್ಡಿಗೂ ಅಮೆರಿಕದ ಬಡ್ಡಿಗೂ ಇರುವ ಅಂತರದಿಂದ. ಅಮೆರಿಕ ಬಡ್ಡಿ ಏರಿಸುತ್ತಾ ಹೋದಾಗ, 2022ರ ಕೊನೆಗೆ, ಒಂದು ವರ್ಷದ ಪ್ರೀಮಿಯಂ ಶೇ 2ಕ್ಕಿಂತ ಕೆಳಗಿಳಿದಿತ್ತು. ಫಾರ್ವರ್ಡ್ ಬುಕ್ ಮಾಡಿದರೆ 8.37 ಕೋಟಿ ರೂಪಾಯಿ ಪಕ್ಕಾ. ಬಜೆಟ್ ಮಾಡುವವರಿಗೆ ಇದಕ್ಕಿಂತ ನೆಮ್ಮದಿ ಬೇರೆ ಇಲ್ಲ.

ಆದರೆ ಆರ್ಡರೇ ರದ್ದಾದರೆ? ಡಾಲರ್ ಅಷ್ಟೊತ್ತಿಗೆ 86 ಆಗಿದ್ದರೆ ಫಾರ್ವರ್ಡ್ ಕ್ಯಾನ್ಸಲ್ ಮಾಡಲು ಡಾಲರ್‌ಗೆ 2.30ರಂತೆ 23 ಲಕ್ಷ ಕಟ್ಟಬೇಕು. ಕೈಗೆ ಒಂದು ಡಾಲರೂ ಬಂದಿರುವುದಿಲ್ಲ! ಟೆಂಡರ್ ಹಾಕಿ ಕಾಯುವಾಗ ನಾನು ಫಾರ್ವರ್ಡ್ ಮುಟ್ಟುವುದಿಲ್ಲ.

ಅಲ್ಲಿ ಬೇಕಾದದ್ದು ಪುಟ್ ಆಪ್ಷನ್. 83.70ಕ್ಕೆ ಮಾರುವ ಹಕ್ಕಿಗೆ 70 ಪೈಸೆ ಕೊಟ್ಟೆವು ಅನ್ನಿ, ಒಟ್ಟು 7 ಲಕ್ಷ. ಡಾಲರ್ 82ಕ್ಕೆ ಇಳಿದರೂ 8.30 ಕೋಟಿ ಉಳಿಯುತ್ತದೆ. 86ಕ್ಕೆ ಏರಿದರೆ 8.53 ಕೋಟಿ. ಆರ್ಡರ್ ಕೈತಪ್ಪಿದರೆ 7 ಲಕ್ಷಕ್ಕೇ ನಷ್ಟ ಮುಗಿಯಿತು. ಕಷ್ಟವೆಲ್ಲ ಆ 7 ಲಕ್ಷಕ್ಕೆ ಒಪ್ಪಿಗೆ ಪಡೆಯುವುದರಲ್ಲಿ. ಡಾಲರ್ ಏರಿದ ವರ್ಷ 'ದುಡ್ಡು ಸುಮ್ನೆ ಹೋಯ್ತಲ್ಲ' ಅನ್ನುವ ಮಾತು ಬಂದೇ ಬರುತ್ತದೆ. ನನಗೆ ಇದು ನಿಜಕ್ಕೂ ಬೇಸರ ತರುತ್ತದೆ. ಹೆಡ್ಜ್‌ನ (ರಿಸ್ಕ್ ತಡೆಯಲು ಮಾಡಿದ ಒಪ್ಪಂದದ) ಲೆಕ್ಕವನ್ನು ಇನ್‌ವಾಯ್ಸ್ ಜೊತೆ ಸೇರಿಸಿ ನೋಡಬೇಕು, ಬೇರೆ ಮಾಡಿ ನೋಡಿದರೆ ಯಾವ ಹೆಡ್ಜೂ ಒಳ್ಳೆಯದಾಗಿ ಕಾಣುವುದಿಲ್ಲ.

ಆಪ್ಷನ್‌ಗೆ ಕೊಡುವ ಈ ದುಡ್ಡನ್ನೂ ಪ್ರೀಮಿಯಂ ಅನ್ನುತ್ತಾರೆ. ಅದನ್ನು ಕೊಡಲು ಮನಸ್ಸಿಲ್ಲದವರಿಗೆ ರೇಂಜ್ ಫಾರ್ವರ್ಡ್ ಇದೆ. 83ಕ್ಕೆ ಪುಟ್ ಕೊಂಡು, 84.50ಕ್ಕೆ ಕಾಲ್ (ನಮ್ಮಿಂದ ಡಾಲರ್ ಕೊಳ್ಳುವ ಹಕ್ಕು) ಮಾರುವುದು. ಒಂದರ ಖರ್ಚು ಇನ್ನೊಂದರಲ್ಲಿ ತೀರುತ್ತದೆ. ಎರಡೂ ಕಡೆ ಮೊತ್ತ ಒಂದೇ ಇರಲಿ, ಅಷ್ಟೇ. ಕೊಂಡದ್ದಕ್ಕಿಂತ ಜಾಸ್ತಿ ಮಾರಿಸುವ ಆಫರ್ ಬಂದರೆ ಬೇಡ ಅನ್ನಿ. 2007-08ರಲ್ಲಿ ನಮ್ಮ ಎಷ್ಟೋ ರಫ್ತು ಕಂಪನಿಗಳು ಇಂಥ ತೊಡಕಿನ ಒಪ್ಪಂದಗಳಿಂದಲೇ ಕೈ ಸುಟ್ಟುಕೊಂಡವು. ಡೆರಿವೇಟಿವ್ (ಫಾರ್ವರ್ಡ್, ಆಪ್ಷನ್‌ನಂಥ ಒಪ್ಪಂದಗಳ) ನಿಯಮ ಮೀರಿದ್ದಕ್ಕೆ ರಿಸರ್ವ್ ಬ್ಯಾಂಕ್ 2011ರಲ್ಲಿ 19 ಬ್ಯಾಂಕುಗಳಿಗೆ ದಂಡ ಹಾಕಿತು.

ಷೇರು ವಿನಿಮಯ ಕೇಂದ್ರವಾದ ಎನ್‌ಎಸ್‌ಇಯಲ್ಲಿ 2008ರ ಆಗಸ್ಟ್‌ನಿಂದ ಕರೆನ್ಸಿ ಫ್ಯೂಚರ್ಸ್ ಕೂಡ ಇದೆ, ಅಂದರೆ ಅಲ್ಲೇ ವಹಿವಾಟಾಗುವ ಫಾರ್ವರ್ಡ್‌ನಂಥ ಒಪ್ಪಂದ. ಒಂದು ಲಾಟ್ 1000 ಡಾಲರ್. ದರ ಎಲ್ಲರಿಗೂ ಕಾಣುತ್ತದೆ, ಅದು ದೊಡ್ಡ ಗುಣ. ಆದರೆ ದಿನವೂ ಮಾರ್ಜಿನ್ (ಇಡಬೇಕಾದ ಠೇವಣಿ) ಲೆಕ್ಕ, ತಿಂಗಳ ಕೊನೆಯ ಎಕ್ಸ್‌ಪೈರಿ (ಒಪ್ಪಂದ ಮುಗಿಯುವ ದಿನ), ಸೆಟಲ್‌ಮೆಂಟ್ ರೂಪಾಯಿಯಲ್ಲಿ. ನಿಜವಾದ ಡಾಲರನ್ನು ಮತ್ತೆ ಬ್ಯಾಂಕಿಗೇ ಮಾರಬೇಕು. ನಮ್ಮಂಥವರಿಗೆ ಇದು ಹೊಂದಲಿಲ್ಲ.

ಫಾರ್ವರ್ಡ್ ಕೇಳುವಾಗ ಸ್ಪಾಟ್ (ಇವತ್ತಿನ) ದರ, ಪ್ರೀಮಿಯಂ, ಬ್ಯಾಂಕಿನ ಮಾರ್ಜಿನ್ (ಬ್ಯಾಂಕ್ ಇಟ್ಟುಕೊಳ್ಳುವ ಲಾಭ) ಮೂರನ್ನೂ ಬೇರೆ ಬೇರೆಯಾಗಿ ಕೇಳಿ. ಕೇಳಿದವರಿಗೆ ಮಾರ್ಜಿನ್ ಕೆಲವೊಮ್ಮೆ ಅಲ್ಲೇ ಇಳಿಯುತ್ತದೆ.