ಅಂಗಳದ ಮೇಲೆ ಲ್ಯಾನ್ ಕೇಬಲ್ ಎಳೆಸಬೇಡಿ

ನಮ್ಮ ಉಡುಪಿ ಕಡೆ ಒಂದೇ ಜಾಗದಲ್ಲಿ ಎರಡು ಮನೆ ಇರುವವರು ತುಂಬ ಜನ. ರಸ್ತೆ ಬದಿಗೆ ಹೊಸ ಟೆರೇಸ್ ಮನೆ, ಹಿಂದೆ ತೋಟದ ಕಡೆ ಹಳೆಯ ಹಂಚಿನ ಮನೆ. ಇಂಟರ್ನೆಟ್ ಹೊಸ ಮನೆಗೆ ಬಂದಿರುತ್ತದೆ, ಹಳೆ ಮನೆಯಲ್ಲಿ ವೈಫೈ ಸಿಗುವುದಿಲ್ಲ. ಆಗ ಯಾರಾದರೂ ಹೇಳುತ್ತಾರೆ, "ಒಂದು ಕೇಬಲ್ ಎಳೆದರೆ ಆಯ್ತಲ್ಲ." ನಾವೂ ರೂಟರಿನಿಂದ ರೂಟರಿಗೆ ನೆಟ್ ಒಯ್ಯುವ ಲೋಹದ ಎಳೆಗಳ ಲ್ಯಾನ್ ಕೇಬಲ್ ಎಳೆಸಿದೆವು. ಕಳೆದ ಅಕ್ಟೋಬರ್‌ನಲ್ಲಿ ಒಂದು ಸಂಜೆ ಅದೇ ಕೇಬಲ್‌ನಿಂದಾಗಿ ಎರಡೂ ಮನೆಯ ಸಾಮಾನು ಸುಟ್ಟುಹೋಯಿತು. ಮೈದುನನಿಗೆ ಏನೂ ಆಗಲಿಲ್ಲ, ಅದೇ ದೊಡ್ಡದು. ಇನ್ನೊಬ್ಬರ ಮನೆಯಲ್ಲಿ ಹೀಗೆ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಹಿರಿಯಡ್ಕದ ಹತ್ತಿರ. ಎರಡು ಮನೆಗಳ ನಡುವೆ ಅಂಗಳ, ಬಾವಿ, ಒಂದು ಸಾಲು ಅಡಿಕೆ ಮರ. ಟೇಪ್ ಹಿಡಿದು ಅಳೆದರೆ 55 ಮೀಟರ್. ಹಳೆ ಮನೆಯಲ್ಲಿ ಅತ್ತೆ, ಮಾವ, ಮೈದುನ ಇದ್ದಾರೆ. ಮೈದುನನಿಗೆ ಬೆಂಗಳೂರಿನ ಕಂಪನಿಯಲ್ಲಿ ಕೆಲಸ. ವಾರದಲ್ಲಿ ಐದು ದಿನವೂ ಉಪ್ಪರಿಗೆಯ ಟೇಬಲ್ಲಿನಿಂದಲೇ ಮಾಡುತ್ತಾನೆ.

ಮೊದಲು ಒಂದು ಎಕ್ಸ್‌ಟೆಂಡರ್ ತಂದೆವು, 1,800 ರೂಪಾಯಿ. "ಸಿಗ್ನಲ್ ಎಲ್ಲಿ ಇಲ್ಲವೋ ಅಲ್ಲಿ ಪ್ಲಗ್ ಮಾಡಿ" ಎಂದರು ಅಂಗಡಿಯವರು. ಈ ಮಾತು ತಪ್ಪು. ಎಕ್ಸ್‌ಟೆಂಡರ್ ತನಗೆ ಸಿಕ್ಕಿದ ಸಿಗ್ನಲನ್ನೇ ಮುಂದಕ್ಕೆ ಕಳಿಸುತ್ತದೆ. ಅದಕ್ಕೇ ಸಿಗ್ನಲ್ ಸಿಗದ ಜಾಗದಲ್ಲಿ ಇಟ್ಟರೆ ಅದು ಏನನ್ನು ಕಳಿಸಬೇಕು? ಎರಡು ಮನೆಯ ಮಧ್ಯೆ ಇಡಬೇಕು ಅಂದರೆ ನಮಗೆ ಮಧ್ಯೆ ಇರುವುದು ಬಾವಿ. ಹೇಗೋ ಹೊಸ ಮನೆಯ ಹಿಂದಿನ ಕಿಟಕಿಯಲ್ಲಿ ಇಟ್ಟು ನೋಡಿದೆವು. ಜಗಲಿಯವರೆಗೆ ಬಂತು, ಒಳಗೆ ಬರಲಿಲ್ಲ. ಹಳೆ ಮನೆಯ ಕೆಂಪು ಕಲ್ಲಿನ ಗೋಡೆ ಒಂದೂವರೆ ಅಡಿ ದಪ್ಪ. ವೈಫೈಯ 5 ಗಿಗಾಹರ್ಟ್ಸ್ ತರಂಗ ಅಂಥ ಗೋಡೆ ದಾಟುವುದು ಕಷ್ಟ. 2.4 ಗಿಗಾಹರ್ಟ್ಸ್ ತರಂಗ ಸ್ವಲ್ಪ ದಾಟುತ್ತದೆ, ಆದರೆ ಸ್ಪೀಡ್ ಕಡಿಮೆ. ಅದರ ಮೇಲೆ ಈ ತರದ ಎಕ್ಸ್‌ಟೆಂಡರ್ ಒಂದೇ ರೇಡಿಯೊದಲ್ಲಿ ಕೇಳಿ, ಅದರಲ್ಲೇ ಮತ್ತೆ ಹೇಳಬೇಕು. ಹಾಗಾಗಿ ಉಳಿದ ಸ್ಪೀಡ್‌ನಲ್ಲೂ ಹೆಚ್ಚುಕಡಿಮೆ ಅರ್ಧ ಹೋಗುತ್ತದೆ.

ಆಮೇಲೆ ಕ್ಯಾಮೆರಾ ಫಿಟ್ ಮಾಡುವ ಒಬ್ಬರನ್ನು ಕರೆಸಿದೆವು. ಹೆಸರು ಬೇಡ, ಕೆಟ್ಟ ಮನುಷ್ಯನೇನಲ್ಲ. ಕೇಬಲ್, ಹಳೆ ಮನೆಗೆ ಒಂದು ರೂಟರ್, ಕೂಲಿ ಎಲ್ಲ ಸೇರಿ 9,500 ಹೇಳಿದರು. ಅಡಿಕೆ ಮರದಿಂದ ಮರಕ್ಕೆ ಜಿಐ ತಂತಿ (ಸತು ಲೇಪದ ಕಬ್ಬಿಣದ ತಂತಿ) ಬಿಗಿದು, ಬೂದು ಬಣ್ಣದ ಲ್ಯಾನ್ ಕೇಬಲನ್ನು ಅದಕ್ಕೆ ಸುತ್ತಿದರು. ಸುತ್ತಿ ಬಳಸಿ ಹೋದದ್ದರಿಂದ ಸುಮಾರು 80 ಮೀಟರ್ ಬೇಕಾಯಿತು. ಬಂಡಲ್‌ನಲ್ಲಿ ಅಷ್ಟು ಇರಲಿಲ್ಲ. ಬಾವಿಕಟ್ಟೆಯ ಮೇಲೆ ಎರಡು ತುಂಡು ಸೇರಿಸಿ, ಎಂಟೂ ಎಳೆಯನ್ನು ಕೈಯಲ್ಲೇ ತಿರುಚಿ, ಕಪ್ಪು ಟೇಪ್ ಸುತ್ತಿದರು.

"ಸಿಡಿಲಿಗೆ ಏನಾದರೂ ಆಗ್ತದಾ?" ಅಂತ ನಾನೇ ಕೇಳಿದೆ.

"ಇಲ್ಲ ಅಕ್ಕ, ಇದರಲ್ಲಿ ಕರೆಂಟೇ ಇಲ್ಲ. ಬರೀ ನೆಟ್. ಎಲ್ಲರ ಮನೆಗೂ ಹೀಗೇ ಹಾಕುವುದು."

ಕೇಬಲ್‌ನಲ್ಲಿ ಕರೆಂಟ್ ಇಲ್ಲ ಎನ್ನುವುದು ನಮಗೂ ಸರಿ ಅನಿಸಿತು. ನೆಟ್ ಚೆನ್ನಾಗಿ ಬಂತು. ಮೈದುನನ ಮೀಟಿಂಗ್ ಕಟ್ ಆಗುವುದು ನಿಂತಿತು. ಅತ್ತೆ ಮಧ್ಯಾಹ್ನ ಯಕ್ಷಗಾನ ನೋಡತೊಡಗಿದರು. ಜೂನ್, ಜುಲೈ, ಆಗಸ್ಟ್ ಕಳೆಯಿತು, ಎಂಥ ಜಡಿಮಳೆಗೂ ತೊಂದರೆ ಆಗಲಿಲ್ಲ. ನಮ್ಮ ಕರಾವಳಿಯವರಿಗೆ ಗೊತ್ತೇ ಇದೆ, ಆ ತಿಂಗಳುಗಳಲ್ಲಿ ಮಳೆ ಜಾಸ್ತಿ, ಗುಡುಗು ಕಡಿಮೆ. ಸಿಡಿಲು ಜೋರು ಇರುವುದು ಏಪ್ರಿಲ್-ಮೇಯಲ್ಲಿ, ಮತ್ತೆ ಅಕ್ಟೋಬರ್-ನವೆಂಬರ್‌ನಲ್ಲಿ. ಮಳೆಗಾಲ ದಾಟಿತಲ್ಲ ಅಂತ ನಾವು ನಿಶ್ಚಿಂತೆಯಿಂದ ಇದ್ದೆವು.

ಆ ದಿನ ಸಂಜೆ ಐದೂವರೆ ಇರಬಹುದು. ಘಟ್ಟದ ಕಡೆಯಿಂದ ಮೋಡ ಕಟ್ಟಿಕೊಂಡು ಬಂತು. ದೂರದಲ್ಲಿ ಗುಡುಗು ಕೇಳಿದ ತಕ್ಷಣ ಮಾವ ಎದ್ದರು. ಅದು ಅವರ ಎಷ್ಟೋ ವರ್ಷದ ಅಭ್ಯಾಸ. ಟಿವಿ ಪ್ಲಗ್, ಫ್ರಿಜ್ ಪ್ಲಗ್, ಮಿಕ್ಸಿ, ಉಪ್ಪರಿಗೆಯ ರೂಟರ್, ಲ್ಯಾಪ್‌ಟಾಪ್ ಚಾರ್ಜರ್, ಒಂದೊಂದಾಗಿ ತೆಗೆಯುತ್ತಾ ಹೋಗುತ್ತಾರೆ. ಆ ದಿನವೂ ಎಲ್ಲ ತೆಗೆದರು. ಮೈದುನ ಬ್ಯಾಟರಿಯಲ್ಲೇ ಒಂದು ಫೈಲ್ ಮುಗಿಸುತ್ತಿದ್ದ. ರೂಟರಿನಿಂದ ಬರುವ ಲ್ಯಾನ್ ವಯರ್ ಲ್ಯಾಪ್‌ಟಾಪಿಗೆ ಚುಚ್ಚಿಯೇ ಇತ್ತು.

ಸಿಡಿಲು ನಮ್ಮ ಜಾಗಕ್ಕೆ ಬೀಳಲಿಲ್ಲ. ಬಿದ್ದದ್ದು ಹಿಂದಿನ ಗುಡ್ಡೆಯ ಒಂದು ತೆಂಗಿನ ಮರಕ್ಕೆ, ನಮ್ಮಿಂದ ನೂರೈವತ್ತು ಮೀಟರ್ ಆಚೆ. ಬೆಳಕು, ಸದ್ದು ಒಟ್ಟಿಗೇ ಬಂದವು. ಅದೇ ಕ್ಷಣ ಉಪ್ಪರಿಗೆಯಲ್ಲಿ ರೂಟರಿನ ಹಿಂದಿನಿಂದ "ಚಟ್" ಅಂತ ನೀಲಿ ಕಿಡಿ. ಮೈದುನನ ಎರಡೂ ಕೈ ಜುಂ ಎಂದಿತಂತೆ, ಲ್ಯಾಪ್‌ಟಾಪ್ ಸ್ಕ್ರೀನ್ ಕಪ್ಪಾಯಿತು. ಅವನು ಕುರ್ಚಿ ಸಮೇತ ಹಿಂದೆ ಸರಿದ. ನಾನು ಹೊಸ ಮನೆಯಲ್ಲಿದ್ದೆ. ಇಲ್ಲಿಯೂ ಫೈಬರ್ ಬರುವ ಬಾಕ್ಸ್ ಮತ್ತು ರೂಟರ್ ಎರಡೂ ಒಂದೇ ಸಲ ಆರಿದವು. ಪ್ಲಾಸ್ಟಿಕ್ ಸುಟ್ಟ ವಾಸನೆ ರಾತ್ರಿಯವರೆಗೂ ಹೋಗಲಿಲ್ಲ.

ಲೆಕ್ಕ ಹೇಳುತ್ತೇನೆ. ಎರಡು ರೂಟರ್, ಇಂಟರ್ನೆಟ್ ಕಂಪನಿಯ ಬಾಕ್ಸ್, ಹೊಸ ಮನೆಯ ಟಿವಿ, ಮೈದುನನ ಲ್ಯಾಪ್‌ಟಾಪಿನ ಮದರ್‌ಬೋರ್ಡ್. ಹೊಸ ಮನೆಯ ಟಿವಿಗೂ ಹಿಂದಿನಿಂದ ಲ್ಯಾನ್ ವಯರ್ ಕೊಟ್ಟಿದ್ದೆವು. ಎಲ್ಲ ಸೇರಿ ಎಂಬತ್ತು ಸಾವಿರ ದಾಟಿತು. ಯಾವುದಕ್ಕೂ ವಾರಂಟಿ ಸಿಗಲಿಲ್ಲ, ಸಿಡಿಲಿನಿಂದ ಆದದ್ದಕ್ಕೆ ಕೊಡುವುದಿಲ್ಲ ಎಂದರು. ಲ್ಯಾಪ್‌ಟಾಪ್ ಕಂಪನಿಯದ್ದು, ಅದಕ್ಕೆ ಮೈದುನ ಬರೆದುಕೊಡಬೇಕಾದ ವಿವರಣೆ ಬೇರೆ.

ನನಗೆ ದುಡ್ಡಿಗಿಂತ ಜಾಸ್ತಿ ಬೇಜಾರಾದದ್ದು ಮಾವನನ್ನು ನೋಡಿ. ಎರಡು ಮೂರು ದಿನ ಅದನ್ನೇ ಕೇಳುತ್ತಿದ್ದರು, "ನಾನು ಎಲ್ಲಾ ಪ್ಲಗ್ ತೆಗೆದಿದ್ದೆ ಅಲ್ವಾ? ಯಾವುದಾದರೂ ಬಿಟ್ಟೆನಾ?" ಅವರು ಒಂದನ್ನೂ ಬಿಟ್ಟಿರಲಿಲ್ಲ. ಆದರೆ ಅಂಗಳದ ಮೇಲೆ ಎಂಬತ್ತು ಮೀಟರ್ ಲೋಹದ ತಂತಿ ಎರಡೂ ಮನೆಗೆ ಚುಚ್ಚಿಕೊಂಡೇ ಇತ್ತು. ಅದನ್ನೂ ತೆಗೆಯಬೇಕು ಅಂತ ನಾವು ಯಾರೂ ಅವರಿಗೆ ಹೇಳಿರಲಿಲ್ಲ, ನಮಗೇ ಗೊತ್ತಿರಲಿಲ್ಲ.

ಮಾರನೆಯ ವಾರ ಕೇಬಲ್ ಇಳಿಸಿದೆವು. ಬಾವಿಕಟ್ಟೆಯ ಮೇಲಿನ ಜೋಡಣೆಯ ಟೇಪ್ ಬಿಚ್ಚಿದರೆ ಒಳಗೆ ನೀರು, ಬಿಳಿ ಪುಡಿ. ತಾಮ್ರಕ್ಕೆ ಹಸಿರು ಕಿಲುಬು ಬರುತ್ತದೆ, ಬಿಳಿ ಪುಡಿ ಎಲ್ಲಿಂದ? ಮೈದುನ ಒಂದು ಎಳೆ ತೆಗೆದು ಚಾಕುವಿನಿಂದ ಕೆರೆದ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ ತಂತಿಗೆ ತಾಮ್ರದ ತೆಳು ಲೇಪ. ನಾಲ್ಕು ಸಲ ಬಗ್ಗಿಸಿದರೆ ಪಟಕ್ಕನೆ ತುಂಡಾಗುತ್ತದೆ. ಕೇಬಲ್ ಮೇಲೆ ಸಣ್ಣ ಅಕ್ಷರದಲ್ಲಿ "ಸಿಸಿಎ" (ತಾಮ್ರ ಹೊದಿಸಿದ ಅಲ್ಯೂಮಿನಿಯಂ) ಅಂತ ಮುದ್ರಿಸಿಯೂ ಇತ್ತು, ನಾವು ನೋಡಿರಲಿಲ್ಲ. ಇಂಥದ್ದನ್ನು ಪೂರ್ತಿ ತಾಮ್ರದ ಕೇಬಲ್ ಎಂದು ಮಾರುತ್ತಾರೆ. ಮನೆಯ ಒಳಗೆ ಹಾಕಿಸುವಾಗಲೂ ಒಂದು ತುಂಡು ಕೆರೆದು ನೋಡಿ ತೆಗೆದುಕೊಳ್ಳಿ. ಬೂದು ಬಣ್ಣದ ಪಿವಿಸಿ ಸಿಪ್ಪೆಯೂ ಬಿಸಿಲಿಗೆ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಅದು ಮನೆಯೊಳಗೆ ಹಾಕುವ ಕೇಬಲ್. ಹೊರಗೆ ಹಾಕುವಂಥದ್ದಕ್ಕೆ ದಪ್ಪ ಕಪ್ಪು ಸಿಪ್ಪೆ ಇರುತ್ತದೆ.

ಆದರೆ ಒಳ್ಳೆ ತಾಮ್ರದ ಕೇಬಲ್ ಹಾಕಿಸಿದ್ದರೂ ಆ ದಿನ ಇದೇ ಆಗುತ್ತಿತ್ತು. ಇದನ್ನು ನೀವು ಸರಿಯಾಗಿ ತಿಳಿದುಕೊಳ್ಳಬೇಕು.

ಎರಡು ಮನೆಗೆ ಎರಡು ಕರೆಂಟ್ ಮೀಟರ್, ಎರಡು ಅರ್ಥಿಂಗ್ ಗುಂಡಿ. ಹತ್ತಿರದಲ್ಲಿ ಸಿಡಿಲು ಬಿದ್ದಾಗ ಆ ಕರೆಂಟ್ ನೆಲದಲ್ಲಿ ಹರಡುತ್ತದೆ. ಒಂದು ಮನೆಯ ನೆಲಕ್ಕೂ ಇನ್ನೊಂದು ಮನೆಯ ನೆಲಕ್ಕೂ ಆ ಕ್ಷಣ ಸಾವಿರಾರು ವೋಲ್ಟ್ ವ್ಯತ್ಯಾಸ ಬರಬಹುದು. ಎರಡರ ನಡುವೆ ಲೋಹದ ತಂತಿ ಇದ್ದರೆ ಅದಕ್ಕೆ ಅದೇ ದಾರಿ. ಸಾಲದ್ದಕ್ಕೆ, ಗಾಳಿಯಲ್ಲಿ ಅಷ್ಟುದ್ದ ಎಳೆದ ತಂತಿಯಲ್ಲಿ ಸಿಡಿಲು ಮುಟ್ಟದೆಯೇ ವೋಲ್ಟೇಜ್ ಹುಟ್ಟುತ್ತದೆ. ಲ್ಯಾನ್ ಪೋರ್ಟಿನ ಒಳಗೆ ರಕ್ಷಣೆಗೆ ಅಂತ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದು ತಡೆಯಬೇಕಾದ ಮಟ್ಟ ಸುಮಾರು 1,500 ವೋಲ್ಟ್. ಸಿಡಿಲಿನ ಮುಂದೆ ಅದು ಯಾವ ಲೆಕ್ಕ? ಕೇಬಲ್‌ನಲ್ಲಿ ಕರೆಂಟ್ ಇಲ್ಲ ಎಂದ ಮಾತು ನಿಜವೇ, ಸಿಡಿಲು ಬರುವವರೆಗೆ ಮಾತ್ರ.

ಕೆಲವರು ಶೀಲ್ಡ್, ಅಂದರೆ ಎಳೆಗಳ ಸುತ್ತ ಹೊದಿಕೆ, ಇರುವ ಕೇಬಲ್ ಹಾಕಿ ಎನ್ನುತ್ತಾರೆ. ಆ ಶೀಲ್ಡ್ ಕೂಡ ಲೋಹ, ಎರಡು ಮನೆಯ ಅರ್ಥನ್ನು ಇನ್ನೂ ಗಟ್ಟಿಯಾಗಿ ಜೋಡಿಸಿದ ಹಾಗೆ. ಹೆಚ್ಚಿನ ವೋಲ್ಟೇಜನ್ನು ನೆಲಕ್ಕೆ ಇಳಿಸುವ ಮುನ್ನೂರು ರೂಪಾಯಿಯ ಸರ್ಜ್ ಡಬ್ಬಿಯೂ ಸರಿಯಾದ ಅರ್ಥಿಂಗ್ ಕೊಡದಿದ್ದರೆ ಸುಮ್ನೆ.

ಈಗ ನಾವು ಹಾಕಿಸಿರುವುದು ಫೈಬರ್. ಗಾಜಿನ ಎಳೆಯಲ್ಲಿ ಬೆಳಕು ಹೋಗುತ್ತದೆ, ಕರೆಂಟ್ ಹೋಗುವುದಿಲ್ಲ. ಎರಡೂ ತುದಿಗೆ, ಬೆಳಕನ್ನೂ ಲ್ಯಾನ್ ಸಿಗ್ನಲನ್ನೂ ಅದಲುಬದಲು ಮಾಡುವ ಒಂದೊಂದು ಮೀಡಿಯಾ ಕನ್ವರ್ಟರ್ ಎಂಬ ಪುಟ್ಟ ಪೆಟ್ಟಿಗೆ, ಅಲ್ಲಿಂದ ರೂಟರಿಗೆ ಒಂದು ಮೊಳ ಲ್ಯಾನ್ ವಯರ್, ಅಷ್ಟೇ. ಕನ್ವರ್ಟರ್ ಜೋಡಿ, 80 ಮೀಟರ್ ಫೈಬರ್, ತುದಿ ಜೋಡಿಸುವ ಕೂಲಿ ಸೇರಿ 5,200 ಆಯಿತು. ಮೊದಲು ರೂಟರ್ ಸೇರಿ ಕೊಟ್ಟ 9,500ಕ್ಕಿಂತ ಕಡಿಮೆ! ಹಾಗಾದರೆ ಮೊದಲೇ ಯಾರೂ ಯಾಕೆ ಹೇಳಲಿಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ. ಲ್ಯಾನ್ ಕೇಬಲಿಗೆ 100 ಮೀಟರ್ ಮಿತಿ ಇದೆ, ಫೈಬರಿಗೆ ಅದೂ ಇಲ್ಲ, ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ದೊಡ್ಡ ತೋಟ ಇರುವವರಿಗೆ ಇದು ಬಹಳ ಉಪಯೋಗ.

ಆದರೆ ಇಲ್ಲೂ ಒಂದು ಕಡೆ ಎಡವುತ್ತಿದ್ದೆವು. ಫಿಟ್ಟರ್ ತಂದ ಮೊದಲ ಫೈಬರ್ ಕೇಬಲಿನ ಪಕ್ಕಕ್ಕೆ ಒಂದು ಉಕ್ಕಿನ ತಂತಿ ಅಂಟಿಕೊಂಡಿತ್ತು, ಎಳೆದು ಕಟ್ಟಲು ಅನುಕೂಲ ಅಂತ. ಮತ್ತೆ ಲೋಹವೇ ಅಲ್ವಾ? ಮೈದುನ ಅದನ್ನು ವಾಪಸ್ ಮಾಡಿಸಿ ಲೋಹವೇ ಇಲ್ಲದ ಕೇಬಲ್ ತರಿಸಿದ. ಅದರಲ್ಲಿ ಬಲಕ್ಕೆ ಗಾಜಿನ ನಾರಿನ ಕಡ್ಡಿ ಇರುತ್ತದೆ. "ಲೋಹ ಇಲ್ಲದ್ದು ಬೇಕು" ಎಂದು ಬಾಯಿಬಿಟ್ಟು ಕೇಳಿ. ಜಿಐ ತಂತಿಯನ್ನೂ ಬಿಚ್ಚಿಸಿ, ಕಪ್ಪು ಪೈಪಿನೊಳಗೆ ಫೈಬರ್ ಹಾಕಿ, ಒಂದೂವರೆ ಅಡಿ ಆಳಕ್ಕೆ ಹೂತೆವು. ಒಂದೇ ಎಳೆಯ ಫೈಬರ್ ಆದರೆ ಕನ್ವರ್ಟರ್ ಜೋಡಿಯಲ್ಲಿ ಒಂದು ಎ, ಇನ್ನೊಂದು ಬಿ ಇರಬೇಕು, ಎರಡೂ ಒಂದೇ ಆದರೆ ಮಾತಾಡುವುದಿಲ್ಲ. ಮೂಲೆಯಲ್ಲಿ ಫೈಬರನ್ನು ಬಳೆಗಿಂತ ಸಣ್ಣ ಸುತ್ತಿಗೆ ಬಗ್ಗಿಸಬೇಡಿ.

ಅಗೆಯಲು ಆಗದ ಜಾಗ, ನಡುವೆ ಗದ್ದೆ ಅಥವಾ ತೋಡು ಇದೆ ಎನ್ನುವವರು ಎರಡು ಮನೆಯ ಮೇಲೆ ಎದುರುಬದುರು ಇಡುವ ವೈರ್‌ಲೆಸ್ ಪೆಟ್ಟಿಗೆ ಹಾಕಿಸಬಹುದು. ಕಟಪಾಡಿಯಲ್ಲಿ ನನ್ನ ಅಕ್ಕನ ಮನೆಗೆ ಅದೇ, ಗದ್ದೆ ದಾಟಿ ಚೆನ್ನಾಗಿ ಬರುತ್ತದೆ. ಒಂದು ಪೆಟ್ಟಿಗೆಗೆ ಇನ್ನೊಂದು ನೇರ ಕಾಣಬೇಕು. ಮಧ್ಯೆ ತೆಂಗಿನ ಮಡಲು ಬಂದರೆ, ಅದೂ ಒದ್ದೆ ಮಡಲು ಬಂದರೆ, ಸಿಗ್ನಲ್ ಬೀಳುತ್ತದೆ. ಬೇಸಿಗೆಯಲ್ಲಿ ಫಿಟ್ ಮಾಡಿ ಚೆನ್ನಾಗಿದೆ ಎನ್ನಬೇಡಿ, ಮಳೆಯಲ್ಲಿ ನೋಡಿ. ಮಾಡಿನ ಮೇಲಿನ ಪೆಟ್ಟಿಗೆಯಿಂದ ಕೆಳಗೆ ಬರುವ ಕೇಬಲ್ ತಾಮ್ರದ್ದೇ, ಹಾಗಾಗಿ ಮೋಡ ಕಟ್ಟುವಾಗಲೇ ಅದನ್ನೂ ತೆಗೆದಿಡಬೇಕು.

ಈಗಾಗಲೇ ಅಂಗಳದ ಮೇಲೆ ಲ್ಯಾನ್ ಕೇಬಲ್ ನೇತಾಡುತ್ತಿರುವವರಿಗೆ ಒಂದು ಮಾತು. ಫೈಬರ್ ಹಾಕಿಸುವವರೆಗೆ, ಮೋಡ ಕಟ್ಟುವಾಗಲೇ ಎರಡೂ ಮನೆಯಲ್ಲಿ ಆ ಕೇಬಲನ್ನು ಪೋರ್ಟಿನಿಂದ ಎಳೆದು, ತುದಿಯನ್ನು ಬೇರೆ ಸಾಮಾನಿನಿಂದ ದೂರ ಇಡಿ. ಒಂದು ಕಡೆ ಮಾತ್ರ ತೆಗೆದರೆ ಸಾಲದು. ಗುಡುಗು ಕೇಳತೊಡಗಿದ ಮೇಲೆ ಅದನ್ನು ಮುಟ್ಟಲೂ ಹೋಗಬೇಡಿ, ಸಾಮಾನು ಹೋದರೆ ಹೋಗಲಿ. ಪುಣೆಯ ಹವಾಮಾನ ಸಂಸ್ಥೆಯವರ ದಾಮಿನಿ ಆ್ಯಪ್ ಫೋನಿನಲ್ಲಿ ಇದ್ದರೆ ಹತ್ತಿರದಲ್ಲಿ ಸಿಡಿಲು ಬೀಳುತ್ತಿರುವುದು ಮೊದಲೇ ಗೊತ್ತಾಗುತ್ತದೆ. ಮನೆಯಲ್ಲಿ ಪ್ಲಗ್ ತೆಗೆಯುವ ಹಿರಿಯರು ಯಾರಿದ್ದಾರೋ ಅವರನ್ನು ಇವತ್ತೇ ಕರೆದುಕೊಂಡು ಹೋಗಿ ಆ ವಯರನ್ನು ತೋರಿಸಿ. ನಮ್ಮ ಮಾವನಿಗೆ ನಾವು ತೋರಿಸಿರಲಿಲ್ಲ.