ರಾಕ್ ಗಾರ್ಡನ್: ಚಂಡೀಗಢವೋ, ಗೊಟಗೋಡಿಯೋ?

ಎರಡೂ ಶಿಲ್ಪಗಳ ತೋಟ. ಹೆಸರು ಒಂದೇ, ಆದರೆ ಸರಕು ಬೇರೆ. ಚಂಡೀಗಢದ್ದು ಶಿಲ್ಪಕಲೆಯ ಪಾಠವನ್ನೇ ಕಲಿಯದ ರಸ್ತೆ ಇನ್ಸ್‌ಪೆಕ್ಟರ್ ನೇಕ್ ಚಂದ್ ಜನ ಬಿಸಾಡಿದ ಕಸದಿಂದ ಕಟ್ಟಿದ್ದು. 1957ರ ಸುಮಾರಿಗೆ ಕದ್ದುಮುಚ್ಚಿ ಶುರುವಾಗಿ, 1976ರಲ್ಲಿ ಜನರಿಗೆ ತೆರೆಯಿತು. ಶಿಗ್ಗಾವಿ ಬಳಿಯ ಗೊಟಗೋಡಿಯ ಉತ್ಸವ್ ರಾಕ್ ಗಾರ್ಡನ್, ಕಲಾವಿದ ಟಿ.ಬಿ. ಸೊಲಬಕ್ಕನವರ ತಂಡದ ಕೆಲಸ.

ನೋಡುವುದು ಏನನ್ನು? ಗೊಟಗೋಡಿಯಲ್ಲಿ ಆಳೆತ್ತರದ, ಥೇಟ್ ಮನುಷ್ಯರಂತಹ ಬೊಂಬೆಗಳು: ಹಳ್ಳಿಮನೆ, ಕಸುಬು, ರಾಜ್‌ಕುಮಾರ್ ಪಾತ್ರಗಳು. ಮಕ್ಕಳಿಗೆ ವಿವರಣೆಯೇ ಬೇಡ. ಚಂಡೀಗಢದಲ್ಲಿ ಹತ್ತಿರ ಹೋಗಿ ನೋಡಬೇಕು. ಹಸಿ ಸಿಮೆಂಟಿಗೆ ಒಡೆದ ಬಳೆಚೂರು ಒತ್ತಿ ಮಾಡಿದ ಸೀರೆ, ಪಿಂಗಾಣಿ ಚೂರಿನ ಅಂಗಿ. ಮುಟ್ಟಬೇಡಿ, ಚೂರು ಕಿತ್ತರೆ ಆ ಜಾಗ ಬೋಳು, ಕೈಗೂ ಗಾಯ. ಇಂಥ ಬೊಂಬೆಗಳ ಸಾಲು ಒಳಗೆ ಸಾಕಷ್ಟು ನಡೆದ ಮೇಲೆ ಸಿಗುತ್ತದೆ. ಮೊದಲ ಅಂಗಳಗಳಲ್ಲೇ ಫೋಟೋಗೆ ನಿಂತು ಸುಸ್ತಾದವರು ಇಲ್ಲಿ ಓಡುತ್ತಾರೆ, ಅದೇ ನಷ್ಟ.

ಓಡಾಟ: ಚಂಡೀಗಢದಲ್ಲಿ ದಾರಿ ಕಿರಿದು, ಮೆಟ್ಟಿಲುಂಟು, ಬಾಗಿಲುಗಳು ತಲೆ ಬಗ್ಗಿಸುವಷ್ಟು ತಗ್ಗು. ಮಂಡಿನೋವಿನ ಹಿರಿಯರಿದ್ದರೆ ಯೋಚಿಸಿ. ಎರಡು-ಮೂರು ಗಂಟೆ ಇಡಿ. ಮೇ-ಜೂನ್ ಬಿಸಿಲು ಬೇಡ.

ಖರ್ಚು: ಚಂಡೀಗಢದಲ್ಲಿ ಟಿಕೆಟ್ ಅಗ್ಗ, ಪ್ರಯಾಣವೇ ದುಬಾರಿ. ಶಿಮ್ಲಾ ಪ್ರವಾಸಕ್ಕೆ ಜೋಡಿಸಿ. ಸುಖ್ನಾ ಕೆರೆಯೂ ಪಕ್ಕದಲ್ಲೇ ಇದೆ. ಗೊಟಗೋಡಿಯಲ್ಲಿ ಟಿಕೆಟ್ ಹೆಚ್ಚು, ಆದರೆ ಹುಬ್ಬಳ್ಳಿ-ಹಾವೇರಿ ಹೆದ್ದಾರಿಯಲ್ಲೇ ಸಿಗುತ್ತದೆ.

ಕುಟುಂಬದ ಒಂದು ದಿನಕ್ಕೆ ಗೊಟಗೋಡಿ. ಒಬ್ಬ ಮನುಷ್ಯನ ಹಟ ಕಸವನ್ನು ಏನು ಮಾಡಿತೆಂಬ ಕುತೂಹಲಕ್ಕೆ ಚಂಡೀಗಢ.